ಕೆಂಪು ಬಳಿದ ಬೀದಿಗಳು

ನ್ಯೂಜೆರ್ಸಿಯಿಂದ ಪತ್ರ ಬರೆದಿರುವ ತಾಯಿಗೆ ನಮಸ್ಕಾರ.

ಎಂಟನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಅಮೆರಿಕದ ಕಪ್ಪು ಜನರ ಗುಲಾಮಗಿರಿಯ ಪಾಠ ಜಾಸ್ತಿಯಾಯಿತು ಅಂದಿದ್ದೀರಿ. “1865ಕ್ಕೇ ಮುಗಿದ ಕಥೆಯನ್ನು ಸುಮ್ನೆ ಯಾಕೆ ಕೆದಕಬೇಕು? ನಾವಂತೂ ಮೊನ್ನೆ ಮೊನ್ನೆ ಬಂದವರು” ಅಂತ ಕೇಳಿದ್ದೀರಿ. ಮಗು ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದರೆ ಯಾವ ತಾಯಿಗೂ ಸಂಕಟವೇ. ಆದರೂ ಆ ಪಾಠ ಬೇಕು ಅಂತಲೇ ನಾನು ಹೇಳುತ್ತೇನೆ.

ಕಥೆ 1865ಕ್ಕೆ ಮುಗಿಯಲಿಲ್ಲ. 1862ರಲ್ಲಿ ವಾಷಿಂಗ್ಟನ್ ನಗರದಲ್ಲಿ ಗುಲಾಮಗಿರಿ ರದ್ದಾದಾಗ ಸರ್ಕಾರ ಪರಿಹಾರ ಕೊಟ್ಟಿತು. ಕೊಟ್ಟಿದ್ದು ಒಡೆಯರಿಗೆ, ಬಿಟ್ಟುಕೊಟ್ಟ ಒಬ್ಬೊಬ್ಬ ಗುಲಾಮರ ಲೆಕ್ಕಕ್ಕೆ 300 ಡಾಲರ್‌ವರೆಗೆ. ದುಡಿದು ಸವೆದವರ ಕೂಲಿಯ ಮಾತೇ ಬರಲಿಲ್ಲ. 1865ರ ಜನವರಿಯಲ್ಲಿ ಉತ್ತರದ ಸೈನ್ಯದ ಜನರಲ್ ಶೆರ್ಮನ್, ದಕ್ಷಿಣದ ಕರಾವಳಿಯಲ್ಲಿ ಬಿಡುಗಡೆಯಾದ ಗುಲಾಮರಿಗೆ ಕುಟುಂಬಕ್ಕೆ 40 ಎಕರೆವರೆಗೆ ಜಮೀನು ಹಂಚಲು ಆದೇಶ ಮಾಡಿದರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ಹಳೇ ಮಾಲೀಕರಿಗೇ ವಾಪಸ್ ಕೊಡಿಸಲು ಹೊರಟರು. ಉಳುವವರ ಕೈಯಿಂದ ಹೊಲ ಹೋದರೆ ಮೊಮ್ಮಕ್ಕಳ ಕಾಲದವರೆಗೂ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮಗಳ ಜೊತೆ ಕೂತು ಒಂದು ನಕ್ಷೆ ನೋಡಿ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ಮನೆಸಾಲದ ಸಂಸ್ಥೆಯೊಂದು ಊರೂರಿನ ನಕ್ಷೆ ಬರೆಸಿತು. ನಿಮ್ಮ ರಾಜ್ಯದ ನ್ಯೂಅರ್ಕ್‌ನದೂ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಸಾಲಕ್ಕೆ ಯೋಗ್ಯವಾದ ಬಡಾವಣೆಗೆ ಹಸಿರು, ಆಮೇಲೆ ನೀಲಿ, ಹಳದಿ. ಕಪ್ಪು ಜನರಿದ್ದ ಬೀದಿಗಳಿಗೆ ಬಹುತೇಕ ಕೆಂಪು, ಅಂದರೆ ಸಾಲ ಕೊಟ್ಟರೆ ಅಪಾಯ ಅಂತ. ಒಂದೊಂದು ಬಡಾವಣೆಗೂ ಒಂದೊಂದು ಫಾರ್ಮ್. ಅದರಲ್ಲಿ ‘ನೀಗ್ರೋ’ ಅಂತ ಒಂದು ಜಾಗ, ಪಕ್ಕದಲ್ಲಿ ಎಷ್ಟು ಪರ್ಸೆಂಟ್ ಅಂತ. ಯಾರು ‘ನುಸುಳುತ್ತಿದ್ದಾರೆ’ ಅಂತ ಬರೆಯಲು ಇನ್ನೊಂದು. ಅದನ್ನು ಓದಿದಾಗ ನನಗೆ ಹೊಟ್ಟೆ ತೊಳಸಿತು. ಇಂಥ ಬೀದಿಗಳಲ್ಲಿ ಮನೆಸಾಲ ಹುಟ್ಟುವುದೇ ಕಷ್ಟವಾಯಿತು. ಸ್ವಂತ ಮನೆ ಇಲ್ಲದ ಮೇಲೆ ಮಕ್ಕಳಿಗೆ ಬಿಟ್ಟುಹೋಗಲು ಏನಿದೆ? ಅಮೆರಿಕದಲ್ಲಿ ಶಾಲೆಗೆ ಬರುವ ದುಡ್ಡಿನಲ್ಲೂ ಒಂದು ದೊಡ್ಡ ಪಾಲು ಮನೆ ತೆರಿಗೆಯದು. ಮನೆಗೆ ಬೆಲೆ ಇಲ್ಲದ ಕಡೆ ಶಾಲೆಯೂ ಸೊರಗುತ್ತದೆ. ಮನೆ ಮಾರುವಾಗ, ಸಾಲ ಕೊಡುವಾಗ ಬಣ್ಣ ನೋಡಬಾರದು ಅಂತ ದೇಶಕ್ಕೆಲ್ಲ ಕಾನೂನು ಬಂದಿದ್ದು 1968ರಲ್ಲಿ. 2022ರ ಲೆಕ್ಕದಲ್ಲೂ ನಡುಮಟ್ಟದ ಬಿಳಿ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು ಸುಮಾರು 45,000.

ಮಗಳು ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಬೇಕಿಲ್ಲ. ತನ್ನ ಪಕ್ಕದ ಊರು ಹಾಗ್ಯಾಕಿದೆ ಅಂತ ಅವಳಿಗೆ ಗೊತ್ತಿರಲಿ, ಅಷ್ಟೇ.

ಇನ್ನು, ಮೊನ್ನೆ ಬಂದವರು ಅಂದಿರಲ್ಲ. 1946ರಿಂದ ಅಮೆರಿಕಕ್ಕೆ ವಲಸೆ ಹೋಗಲು ಭಾರತೀಯರಿಗಿದ್ದ ಕೋಟಾ ವರ್ಷಕ್ಕೆ ಬರೀ 100 ಜನ. ಅದನ್ನು ತೆಗೆದ ಕಾನೂನು ಬಂದಿದ್ದು 1965ರಲ್ಲಿ. ವೋಟಿನ ಹಕ್ಕು ಕೇಳಿ ಕಪ್ಪು ಜನ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆ ಮೇಲೆ ಲಾಠಿ ಏಟು ತಿಂದ ವರ್ಷವೇ ಅದು. ಅವರು ಹೋರಾಡುತ್ತಿದ್ದ ಕಾಲದಲ್ಲೇ ನಮ್ಮವರಿಗೂ ಬಾಗಿಲು ತೆರೆಯಿತು ಅಂತ ಮಗಳಿಗೆ ಹೇಳಿ.

ನಕ್ಷೆ ನೋಡಿ ಅವಳು ಏನಂದಳು ಅಂತ ಬರೆಯುತ್ತೀರಾ? ಕಾಯುತ್ತಿರುತ್ತೇನೆ.

— ಸಂಪಾದಕ