ಪತ್ರ ಕೇಳಲು ಹಿಂಜರಿದ ಗ್ರಂಥಪಾಲಕಿ: ಟೆನ್ಯೂರ್ ಹಂತದ ಒಂದು ಆಪ್ತಸಲಹೆ ಪ್ರಕರಣ

ಅಮೆರಿಕದ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಮೆಟಾಡೇಟಾ (ಪುಸ್ತಕ ಮುಂತಾದವುಗಳ ವಿವರ ದಾಖಲಿಸುವ) ವಿಭಾಗದ ಹೊಣೆ ಹೊತ್ತಿರುವ ಗ್ರಂಥಪಾಲಕಿಯೊಬ್ಬರು ನಿದ್ರಾಹೀನತೆಯ ಕಾರಣ ಹೇಳಿ ಆಪ್ತಸಲಹೆಗೆ ಬಂದರು. (ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.) ಮಾತು ಮುಂದುವರಿದಂತೆ ನಿದ್ರೆಗೆಡಿಸಿದ ಸಂಗತಿ ತಿಳಿಯಿತು. ಅವರ ಟೆನ್ಯೂರ್ (ಅಂದರೆ ಕಾಯಂ ನೇಮಕಾತಿ) ಮತ್ತು ಬಡ್ತಿಯ ಪರಿಶೀಲನೆ ಆ ವರ್ಷವೇ ನಡೆಯಬೇಕಿತ್ತು. ಅವರ ಕೆಲಸವನ್ನು ತೂಗಿ ನೋಡಿ ಪತ್ರ ಬರೆಯಬಲ್ಲ, ಬೇರೆ ವಿಶ್ವವಿದ್ಯಾಲಯಗಳ ಆರು ಮಂದಿಯ ಹೆಸರನ್ನು ಸೂಚಿಸುವಂತೆ ಸಮಿತಿಯ ಅಧ್ಯಕ್ಷರು ಒಂದು ನಮೂನೆಯನ್ನು ಕಳುಹಿಸಿದ್ದರು. ಆ ಇಮೇಲನ್ನು ಅವರು ಪ್ರತಿದಿನ ತೆರೆಯುತ್ತಿದ್ದರು, ಓದುತ್ತಿದ್ದರು, ಮತ್ತೆ ಓದದ ಪತ್ರವೆಂದು ಗುರುತು ಮಾಡಿ ಮುಚ್ಚುತ್ತಿದ್ದರು.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಗ್ರಂಥಪಾಲಕರಿಗೆ ಅಧ್ಯಾಪಕರ ಸ್ಥಾನಮಾನ ಇದೆ ಎಂದಲ್ಲ. ಇರುವ ಕಡೆಗಳಲ್ಲಿ ಅದು ದೀರ್ಘಕಾಲದ ಒತ್ತಾಯದಿಂದ ಬಂದದ್ದು. ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘವಾದ ಎ.ಸಿ.ಆರ್.ಎಲ್., ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘವಾದ ಎ.ಎ.ಯು.ಪಿ. ಮುಂತಾದವು ಸೇರಿ 1972ರಲ್ಲಿ ರೂಪಿಸಿದ ಜಂಟಿ ಹೇಳಿಕೆ ಈ ಸ್ಥಾನಮಾನವನ್ನು ಎತ್ತಿಹಿಡಿಯಿತು. ಎ.ಎ.ಯು.ಪಿ.ಯ 1940ರ ತತ್ತ್ವಗಳ ಪ್ರಕಾರ ಪರೀಕ್ಷಾರ್ಥ ಅವಧಿ ಏಳು ವರ್ಷ ಮೀರಬಾರದು. ಹಾಗಾಗಿ ಸಾಮಾನ್ಯವಾಗಿ ಆರನೆಯ ವರ್ಷದಲ್ಲಿ ಕಡತ ಸಿದ್ಧವಾಗುತ್ತದೆ. ವೃತ್ತಿಯ ಕೆಲಸ, ಸಂಶೋಧನೆ, ಸೇವೆ ಎಂಬ ಮೂರು ನೆಲೆಗಳಲ್ಲಿ ತೀರ್ಮಾನ ನಡೆಯುತ್ತದೆ. ಟೆನ್ಯೂರ್ ಸಿಗದವರು ಸಾಮಾನ್ಯವಾಗಿ ಒಂದು ಕೊನೆಯ ವರ್ಷ ದುಡಿದು ಹೊರಡಬೇಕು. ಆದ್ದರಿಂದ ಈ ಆತಂಕವನ್ನು ಅತಿರೇಕವೆಂದು ನಾನು ಎಂದೂ ತಳ್ಳಿಹಾಕುವುದಿಲ್ಲ.

ಅವರು ಹೇಳಿದ್ದು ಹೀಗೆ: "ಮೇಡಂ, ಕ್ಯಾಟಲಾಗ್ ಸರಿಯಾಗಿದ್ದರೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ತಪ್ಪಿದ್ದರೆ ಮಾತ್ರ ಫೋನ್ ಬರುತ್ತದೆ. ಕಣ್ಣಿಗೆ ಬೀಳದ ಇಂಥ ಕೆಲಸ ಮಾಡುವ ನಾನು, ಮುಖಪರಿಚಯವೂ ಇಲ್ಲದವರ ಬಳಿ ಹೋಗಿ ನನ್ನ ಪರವಾಗಿ ನಾಲ್ಕು ಒಳ್ಳೆಯ ಮಾತು ಬರೆಯಿರಿ ಎಂದು ಯಾವ ಮುಖವಿಟ್ಟುಕೊಂಡು ಕೇಳಲಿ?"

ಈ ಮಾತಿನಲ್ಲಿ ಕೇಳುವ ಸಂಕೋಚ, ತನ್ನ ಕೆಲಸ ಕಾಣಿಸದು ಎಂಬ ನೋವು, ಕಾರ್ಯವಿಧಾನದ ಬಗೆಗಿನ ತಪ್ಪು ತಿಳಿವಳಿಕೆ ಮೂರೂ ಹೆಣೆದುಕೊಂಡಿದ್ದವು. ಕೊನೆಯದನ್ನು ಮೊದಲು ಬಿಡಿಸುವುದು ಸುಲಭವೆನಿಸಿದ್ದರಿಂದ, ಗ್ರಂಥಾಲಯದ ಬಡ್ತಿ ನಿಯಮಾವಳಿಯನ್ನು ಮುಂದಿನ ಭೇಟಿಗೆ ತರಲು ಹೇಳಿದೆ. ಇಬ್ಬರೂ ಕುಳಿತು ಅದನ್ನು ಸಾಲು ಸಾಲಾಗಿ ಓದಿದೆವು. ಅಭ್ಯರ್ಥಿಯು ಬಾಹ್ಯ ಪರಿಶೀಲಕರನ್ನು ಸ್ವತಃ ಸಂಪರ್ಕಿಸಕೂಡದು, ಪತ್ರವನ್ನು ಕೋರುವವರು ಸಮಿತಿಯ ಅಧ್ಯಕ್ಷರು, ಅಭ್ಯರ್ಥಿ ಸೂಚಿಸಿದ ಹೆಸರುಗಳಿಂದ ಕೆಲವನ್ನೂ ಸಮಿತಿ ತಾನೇ ಹುಡುಕಿದ ಹೆಸರುಗಳಿಂದ ಕೆಲವನ್ನೂ ಆರಿಸಲಾಗುವುದು ಎಂದು ಅಲ್ಲಿ ಸ್ಪಷ್ಟವಾಗಿತ್ತು. ಅಂದರೆ ಅವರು ಯಾರ ಮನೆಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ! ಬಹಳಷ್ಟು ಕಡೆ ಪದ್ಧತಿ ಇದೇ. ಆದರೂ ನಿಯಮಗಳು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಬೇರೆಯಾಗುವುದರಿಂದ, ಸಹೋದ್ಯೋಗಿಗಳ ಬಾಯಿಮಾತನ್ನು ನೆಚ್ಚದೆ ತಮ್ಮ ಸಂಸ್ಥೆಯ ಲಿಖಿತ ನಿಯಮವನ್ನೇ ಓದಬೇಕೆಂದು ಈ ಹಂತದಲ್ಲಿರುವ ಎಲ್ಲರಿಗೂ ಹೇಳುತ್ತೇನೆ.

ಹೆಸರುಗಳ ಪಟ್ಟಿಯ ಕೆಲಸ ಹೆಚ್ಚು ಸಮಯ ತೆಗೆದುಕೊಂಡಿತು. ಅವರು ಮನಸ್ಸಿನಲ್ಲೇ ಮಾಡಿಕೊಂಡಿದ್ದ ಪಟ್ಟಿಯಲ್ಲಿ ಹಿಂದಿನ ಮೇಲಧಿಕಾರಿ, ಇಬ್ಬರು ಸಹಲೇಖಕರು, ಸ್ನಾತಕೋತ್ತರ ತರಗತಿಯ ಗುರುಗಳು ಮತ್ತು ಒಬ್ಬ ಆಪ್ತ ಗೆಳತಿ ಇದ್ದರು. ಪ್ರೀತಿಯಿಂದ ಬರೆಯುವವರು ಇವರೇ ಎಂಬುದು ನಿಜ. ಆದರೆ ಅಷ್ಟೇ ಕಾರಣಕ್ಕೆ ಇವರ ಪತ್ರಕ್ಕೆ ಸಮಿತಿಯ ಮುಂದೆ ತೂಕ ಕಡಿಮೆ. ಬಾಹ್ಯ ಪರಿಶೀಲಕರು ಅಭ್ಯರ್ಥಿಯಿಂದ ವೃತ್ತಿಪರ ಅಂತರದಲ್ಲಿ ಇರಬೇಕೆಂದೂ, ಅಭ್ಯರ್ಥಿ ಬಯಸುವ ದರ್ಜೆಯಲ್ಲಿ ಅಥವಾ ಅದಕ್ಕಿಂತ ಮೇಲಿರಬೇಕೆಂದೂ ಸಾಮಾನ್ಯವಾಗಿ ನಿರೀಕ್ಷಿಸಲಾಗುತ್ತದೆ; ಪರಿಚಯದ ಸ್ವರೂಪವನ್ನು ಪತ್ರದ ಆರಂಭದಲ್ಲೇ ತಿಳಿಸುವಂತೆ ಹಲವು ಕಡೆ ಕೇಳುತ್ತಾರೆ. ಅದೇ ವೇಳೆ, ಒಂದೇ ಸಮಿತಿಯಲ್ಲಿ ಕೆಲಸ ಮಾಡಿದ ಅಥವಾ ಸಮ್ಮೇಳನದಲ್ಲಿ ಪ್ರಬಂಧ ಕೇಳಿ ಪ್ರಶ್ನೆ ಕೇಳಿದ ಪರಿಚಯ ಬಹುಪಾಲು ಅಡ್ಡಿಯಾಗದು. ಅನುಮಾನವಿದ್ದರೆ ಅಧ್ಯಕ್ಷರನ್ನೇ ಕೇಳಬಹುದು.

ಹಾಗಾದರೆ ಯಾರು? "ನಿಮ್ಮ ಲೇಖನವನ್ನು ತಮ್ಮ ಲೇಖನದಲ್ಲಿ ಉಲ್ಲೇಖಿಸಿದವರು ಯಾರು? ನಿಮ್ಮ ವಿಷಯದಲ್ಲೇ ದುಡಿಯುತ್ತಿರುವ ಹಿರಿಯರು ಯಾರು? ನೀವು ರೂಪಿಸಿದ ಕಾರ್ಯವಿಧಾನವನ್ನು ತಮ್ಮ ಗ್ರಂಥಾಲಯಕ್ಕೆ ಅಳವಡಿಸಿಕೊಂಡವರು ಇದ್ದಾರೆಯೇ?" ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ಅವರು ಬರೆದುಕೊಳ್ಳುತ್ತಾ ಹೋದರು. ವ್ಯಕ್ತಿ, ಸಂಸ್ಥೆ ಮುಂತಾದವುಗಳ ಹೆಸರುಗಳ ಪ್ರಮಾಣೀಕೃತ ದಾಖಲೆಗಳನ್ನು ಗ್ರಂಥಾಲಯಗಳು ಕೂಡಿ ರೂಪಿಸುವ ನ್ಯಾಕೊ ಯೋಜನೆಗೆ ಅವರು ವರ್ಷಗಳಿಂದ ಕೊಡುಗೆ ನೀಡಿದ್ದರು. ಅದನ್ನು ಮೌಲ್ಯಮಾಪನಕ್ಕೆ ತಕ್ಕ ಕೆಲಸವೆಂದು ಭಾವಿಸಿಯೇ ಇರಲಿಲ್ಲ. ಪ್ರತಿ ಹೆಸರಿನ ಪಕ್ಕದಲ್ಲಿ ಈ ವ್ಯಕ್ತಿ ಏಕೆ ಎಂದು ಬರೆಯಬೇಕಿದ್ದ ಜಾಗದಲ್ಲಿ ಮೊದಲು "ಕ್ಷೇತ್ರದಲ್ಲಿ ಹೆಸರುವಾಸಿ" ಎಂದಷ್ಟೇ ಇತ್ತು. ಅದನ್ನು ಅಳಿಸಿ, "ಹಳೆಯ ದಾಖಲೆಗಳಲ್ಲಿನ ಅವಮಾನಕರ ವಿಷಯಶೀರ್ಷಿಕೆಗಳನ್ನು ಬದಲಿಸುವ ಕುರಿತು ಇವರು ಬರೆದಿದ್ದಾರೆ, ನನ್ನ ಎರಡು ಲೇಖನಗಳು ಇದೇ ಪ್ರಶ್ನೆಯನ್ನು ಸಣ್ಣ ಗ್ರಂಥಾಲಯದ ದೃಷ್ಟಿಯಿಂದ ಎತ್ತಿಕೊಂಡಿವೆ, ಜೊತೆಯಾಗಿ ಕೆಲಸ ಮಾಡಿಲ್ಲ" ಎಂದು ಬರೆದರು. ಈ ವಾಕ್ಯವನ್ನು ಬರೆದ ಮೇಲೆ ಅವರು ತಲೆಯೆತ್ತಿ, "ಇದು ಕೆಲಸದಂತೆ ಕಾಣುತ್ತದೆ, ಅಲ್ಲವೇ?" ಎಂದರು. ಆಪ್ತಸಲಹೆಯ ದೃಷ್ಟಿಯಿಂದ ಈ ಪ್ರಕರಣ ತಿರುವು ಪಡೆದದ್ದು ಅಲ್ಲಿ ಎಂದು ನನ್ನ ಭಾವನೆ.

ಪರಿಶೀಲಕರಿಗೆ ಹೋಗುವ ಕಟ್ಟಿನ ಬಗ್ಗೆ ನಾನು ಬಲವಾಗಿ ಒತ್ತಿ ಹೇಳಿದ್ದು ಒಂದೇ: ಅಭ್ಯರ್ಥಿಯ ಕೈಯಲ್ಲಿ ಬಹುಮಟ್ಟಿಗೆ ಉಳಿಯುವ ಭಾಗ ಅದು. ಸಿ.ವಿ., ಆಯ್ದ ಮೂರು ನಾಲ್ಕು ಬರಹಗಳು, ತಮ್ಮ ಕೆಲಸದ ನಿರೂಪಣೆ, ಸಂಸ್ಥೆಯ ಮಾನದಂಡಗಳು ಅದರಲ್ಲಿರುತ್ತವೆ. ಹೊರಗಿನವರು ದಿನನಿತ್ಯದ ಕೆಲಸವನ್ನು ಕಂಡವರಲ್ಲ. ಅವರು ಮುಖ್ಯವಾಗಿ ಸಂಶೋಧನೆ ಮತ್ತು ವೃತ್ತಿಸೇವೆಯ ಬಗ್ಗೆ ಬರೆಯಬಲ್ಲರು. ಆದರೆ ಮೆಟಾಡೇಟಾದಂಥ ಕ್ಷೇತ್ರದಲ್ಲಿ ಒಂದು ಸ್ಥಳೀಯ ನೀತಿಪತ್ರವೋ ದತ್ತಾಂಶ ವರ್ಗಾವಣೆಯ ಯೋಜನೆಯೋ ಲೇಖನದಷ್ಟೇ ಬೌದ್ಧಿಕ ಶ್ರಮ ಬೇಡುತ್ತದೆ. ನಿಯಮ ಅನುಮತಿಸುವುದಾದರೆ ಅಂಥದೊಂದನ್ನು, ಸಮಸ್ಯೆ ಏನಿತ್ತು, ತಾನು ಏನು ನಿರ್ಧರಿಸಿದೆ, ಏನು ಬದಲಾಯಿತು ಎಂಬ ಅರ್ಧ ಪುಟದ ವಿವರಣೆಯೊಂದಿಗೆ ಸೇರಿಸಲು ಹೇಳಿದೆ. 2020ರ ಸಾಂಕ್ರಾಮಿಕದ ಸಂದರ್ಭದಲ್ಲಿ ಅನೇಕ ಸಂಸ್ಥೆಗಳಂತೆ ಅವರ ಸಂಸ್ಥೆಯೂ ಪರೀಕ್ಷಾರ್ಥ ಅವಧಿಯನ್ನು ಒಂದು ವರ್ಷ ವಿಸ್ತರಿಸಿತ್ತು. ಆ ಹೆಚ್ಚುವರಿ ವರ್ಷಕ್ಕೆ ಹೆಚ್ಚಿನ ಬರಹವನ್ನು ನಿರೀಕ್ಷಿಸಬಾರದೆಂಬ ಸೂಚನೆ ಪರಿಶೀಲಕರಿಗೆ ಹೋಗುವುದೇ ಎಂದು ಅಧ್ಯಕ್ಷರಲ್ಲಿ ವಿಚಾರಿಸುವುದು ನ್ಯಾಯವೇ ಆಗಿತ್ತು. ಗ್ರಂಥಪಾಲಕರಿಗೆ ಟೆನ್ಯೂರ್ ಇಲ್ಲದ ಸಂಸ್ಥೆಯವರು ಪರಿಶೀಲಕರಾದರೆ, "ನಿಮ್ಮಲ್ಲಿ ಇವರಿಗೆ ಟೆನ್ಯೂರ್ ಸಿಗುತ್ತಿತ್ತೇ" ಎಂದು ಸಮಿತಿ ಕೇಳಬಹುದಾದ ಪ್ರಶ್ನೆ ಅವರಿಗೆ ಅನ್ವಯಿಸದು. ಮಾನದಂಡಗಳ ಪ್ರತಿ ಕಟ್ಟಿನಲ್ಲಿ ಇರಲೇಬೇಕಾದುದಕ್ಕೆ ಇದೂ ಒಂದು ಕಾರಣ.

ಅವರು ತಾವೇ ಕೇಳಬೇಕಾಗಿದ್ದುದು ಒಳಗಿನ ಪತ್ರಗಳನ್ನು ಮಾತ್ರ: ಅವರೊಂದಿಗೆ ಕೆಲಸ ಮಾಡಿದ ಇತಿಹಾಸ ವಿಭಾಗದ ಅಧ್ಯಾಪಕರೊಬ್ಬರು ಮತ್ತು ಗ್ರಂಥಾಲಯದ ಸಹೋದ್ಯೋಗಿ. ಅವರ ಮೊದಲ ಕರಡಿನಲ್ಲಿ ಮೂರು ಕಡೆ ಕ್ಷಮೆ ಯಾಚನೆಯಿತ್ತು. ಕ್ಷಮೆ ತೆಗೆದು, ಯಾವ ಯೋಜನೆಯ ಬಗ್ಗೆ ಬರೆಯಬೇಕು, ಪತ್ರ ಯಾರಿಗೆ, ಯಾವ ದಿನದೊಳಗೆ, ಯಾವ ಕಾಗದಗಳು ಲಗತ್ತಾಗಿವೆ ಎಂಬುದನ್ನು ಬರೆಯಲು ಸೂಚಿಸಿದೆ. ಬಿಡುವಿಲ್ಲದಿದ್ದರೆ ನಿರಾಕರಿಸಲು ಅನುಕೂಲವಾಗುವಂತೆ ಒಂದು ಸಾಲನ್ನೂ ಉಳಿಸಿಕೊಂಡೆವು. ಮನಸ್ಸಿಲ್ಲದೆ ಬರೆದ ಪತ್ರವು ಬಾರದ ಪತ್ರಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು. ಬರೆಯುವವರಿಗೆ ಎರಡು ತಿಂಗಳಾದರೂ ಕೊಡಬೇಕು.

ಬಾಹ್ಯ ಪರಿಶೀಲಕರಲ್ಲಿ ಒಬ್ಬರು ಒಪ್ಪಲಿಲ್ಲವೆಂದು ಅವರಿಗೆ ತಿಳಿದಾಗ ಹಳೆಯ ಸಂಕಟ ಮರುಕಳಿಸಿತು. ಬಹುತೇಕ ನಿರಾಕರಣೆಗಳಿಗೆ ಕಾಲಾವಕಾಶದ ಕೊರತೆಯೇ ಕಾರಣ. ಅದರಲ್ಲಿ ತೀರ್ಪನ್ನು ಹುಡುಕಬಾರದೆಂದು ತಿಳಿಸಿ, ಪರ್ಯಾಯ ಹೆಸರು ಬೇಕೇ ಎಂದು ಅಧ್ಯಕ್ಷರನ್ನು ಕೇಳುವ ಕೆಲಸಕ್ಕೆ ಗಮನ ತಿರುಗಿಸಿದೆ.

ಗೋಪ್ಯತೆಯ ಪ್ರಶ್ನೆಯನ್ನೂ ಅವರು ಎತ್ತಿದರು. ಪತ್ರಗಳನ್ನು ಅಭ್ಯರ್ಥಿ ನೋಡಬಹುದೇ ಎಂಬುದು ಸಂಸ್ಥೆಯ ನಿಯಮ ಮತ್ತು ರಾಜ್ಯದ ಕಾನೂನನ್ನು ಅವಲಂಬಿಸುತ್ತದೆ. ತಾರತಮ್ಯದ ದೂರಿನ ತನಿಖೆಯಲ್ಲಿ ಇಂಥ ಪತ್ರಗಳಿಗೆ ವಿಶೇಷ ರಕ್ಷಣೆ ಇಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿದೆ. ನೋಡುವ ಹಕ್ಕನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಕೇಳಿದರೆ, ಅದನ್ನು ಮನೆಗೆ ಒಯ್ದು ಓದಿ, ಅಧ್ಯಾಪಕರ ಒಕ್ಕೂಟವಿದ್ದರೆ ಅವರೊಡನೆ ಮಾತನಾಡಿ ತೀರ್ಮಾನಿಸುವಂತೆ ಸಲಹೆ ನೀಡಿದೆ.

ಕಡತ ಸಲ್ಲಿಕೆಯಾಗಿದೆ, ನಿದ್ರೆ ಸುಧಾರಿಸಿದೆ, ಫಲಿತಾಂಶ ಇನ್ನೂ ಬಂದಿಲ್ಲ. ಪತ್ರಗಳ ಸಾರಾಂಶವನ್ನು ಅವರ ಸಂಸ್ಥೆ ಅಭ್ಯರ್ಥಿಗೆ ಕೊಡುತ್ತದೆ. ಅದು ಬಂದ ದಿನವೇ ಉತ್ತರ ಬರೆಯದೆ, ನಂಬಿಕೆಯ ಹಿರಿಯ ಸಹೋದ್ಯೋಗಿಯೊಬ್ಬರೊಡನೆ ಓದಿ, ತಥ್ಯದ ತಪ್ಪುಗಳಿಗೆ ಮಾತ್ರ ನಿಗದಿತ ಗಡುವಿನೊಳಗೆ ಲಿಖಿತವಾಗಿ ಪ್ರತಿಕ್ರಿಯಿಸುವುದೆಂದು ನಾವು ಒಪ್ಪಿಕೊಂಡಿದ್ದೇವೆ.