ಹಳೆಯ ಎಂಜಿಬಿಯ ಮೇಲಿರುವ ವೆಬರ್ ಕಾರ್ಬ್ಯುರೇಟರ್ ಬಿಚ್ಚಿ ಮಾರಬೇಕೇ, ಇದ್ದಂತೆಯೇ ಮಾರಬೇಕೇ?

1966ರ ಎಂಜಿಬಿ, ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು, ಮೀಟರಿನಲ್ಲಿ 31,000 ಮೈಲಿ. ಮೊದಲ ಮಾಲೀಕರು ಕಾರು ಕೊಂಡ ನಾಲ್ಕೈದು ವರ್ಷಗಳಲ್ಲೇ ಜೋಡಿ ಎಸ್‌ಯು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ತೆಗೆಸಿ ವೆಬರ್ ಕಂಪನಿಯ 45 ಡಿಸಿಒಇ ಎಂಬ ಕಾರ್ಬ್ಯುರೇಟರ್ ಹಾಕಿಸಿದ್ದಾರೆ, ಎಕ್ಸಾಸ್ಟ್ ಬದಲಾಯಿಸಿದ್ದಾರೆ. ಅದನ್ನೆಲ್ಲ ತೆಗೆದು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದರೆ ಹೆಚ್ಚು ಬೆಲೆ ಬರುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಿ.

ನಾನು ಮಾರಿದ ಮೊದಲ ಹಳೆಯ ಕಾರಿನಲ್ಲಿ ಇದೇ ತಪ್ಪು ಮಾಡಿದೆ. ಖರೀದಿದಾರರಿಗೆ ಎಲ್ಲವೂ ಮೂಲದ್ದೇ ಇರಬೇಕು ಎಂದು ಯಾರೋ ಹೇಳಿದ್ದನ್ನು ನಂಬಿ, ಆ ಕಾಲದಲ್ಲೇ ಕೂರಿಸಿದ್ದ ವೆಬರನ್ನು ಬಿಚ್ಚಿ ಬೇರೆಯವರಿಗೆ ಮಾರಿಬಿಟ್ಟೆ. ಕಾರು ಕೊಂಡವರು ಕೆಲವು ತಿಂಗಳ ಮೇಲೆ ಫೋನ್ ಮಾಡಿದರು. ಕೈಪಿಡಿಯ ಪುಟಗಳ ನಡುವೆ ಮಡಚಿಟ್ಟ ಒಂದು ಬಿಲ್ ಸಿಕ್ಕಿತಂತೆ: ಕಾರ್ಬ್ಯುರೇಟರ್ ಕೂರಿಸಿದ ದಿನ, ಆ ದಿನದ ಮೀಟರ್ ಓದು, ಮೆಕ್ಯಾನಿಕನ ಸಹಿ. "ಆ ಕಾರ್ಬ್ಯುರೇಟರ್ ಎಲ್ಲಿದೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಇಂದಿಗೂ ಆ ಪ್ರಶ್ನೆ ನೆನಪಾದರೆ ಸಂಕಟವಾಗುತ್ತದೆ.

ಕಳೆದ ವರ್ಷ ಹಾಕಿಸಿದ ಬಿಡಿಭಾಗ ಬೇರೆ, ಕಾರು ಹೊಸದಾಗಿದ್ದಾಗಲೇ ಹಾಕಿಸಿದ್ದು ಬೇರೆ. ಎಂಜಿಬಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ಈ ಕಾರು ತಯಾರಾಗುತ್ತಿದ್ದ ಕಾಲದಲ್ಲೇ ಅಲ್ಲಿನ 'ಸ್ಪೆಷಲ್ ಟ್ಯೂನಿಂಗ್' ವಿಭಾಗ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಬಿಡಿಭಾಗಗಳನ್ನು ಗ್ರಾಹಕರಿಗೆ ಮಾರುತ್ತಿತ್ತು. ಫ್ರಾನ್ಸಿನಲ್ಲಿ ನಡೆದ 1963ರ ಲ ಮಾನ್ಸ್ 24 ಗಂಟೆಗಳ ಕಾರು ಓಟದಲ್ಲಿ ಪ್ಯಾಡಿ ಹಾಪ್‌ಕರ್ಕ್ ಮತ್ತು ಅಲನ್ ಹಚಿಸನ್ ಹನ್ನೆರಡನೆಯವರಾಗಿ ಮುಗಿಸಿದ ಎಂಜಿಬಿಯ ಮೇಲೂ ವೆಬರ್ ಇತ್ತು. ನಿಮ್ಮ ಕಾರಿನ ಮೊದಲ ಮಾಲೀಕರು ಅಂಥ ಓಟಗಳ ಸುದ್ದಿ ಓದಿಯೇ ಆಸೆಪಟ್ಟಿರಬಹುದು. ಅವರ ಆ ಆಸೆಯೂ ಕಾರಿನ ಚರಿತ್ರೆಗೆ ಸೇರಿದ್ದು. ಆದರೆ ತಾರೀಖು ತೋರಿಸಲು ಆಗದಿದ್ದರೆ ನೋಡುವವರ ಕಣ್ಣಿಗೆ ಅದು ಬರೀ ಬದಲಾಯಿಸಿದ ಕಾರು. ಆದ್ದರಿಂದ ಈಗ ನಿಮ್ಮ ಮುಖ್ಯ ಕೆಲಸ ಗ್ಯಾರೇಜಿನಲ್ಲಿಲ್ಲ, ಕಪಾಟು ಮತ್ತು ಅಟ್ಟಗಳಲ್ಲಿದೆ.

ನನ್ನ ಎರಡನೆಯ ಕಾರು, ಅದೂ ಎಂಜಿಬಿಯೇ, ಮಾರಾಟಕ್ಕೆ ಸಿದ್ಧವಾದಾಗ ನಾನು ಹುಡುಕಿದ್ದು ಅಲ್ಲೇ. ಬಿಲ್ ಸಿಗಲಿಲ್ಲ. ತೆಗೆದಿಟ್ಟಿದ್ದ ಎಸ್‌ಯು ಜೋಡಿ ಮಾತ್ರ ಒಂದು ಮರದ ಪೆಟ್ಟಿಗೆಯಲ್ಲಿ ಸಿಕ್ಕಿತು, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಟ್ಟಂತೆಯೇ. ಕಾಗದ ಹಳದಿಯಾಗಿ, ಎಣ್ಣೆ ಹೀರಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಮೇಲಿನ ಅಂಚಿನಲ್ಲಿ ತಾರೀಖು ಇನ್ನೂ ಓದುವಂತಿತ್ತು: 1971. ಪತ್ರಿಕೆಯನ್ನು ಬಿಡಿಸದೆ, ಹಾಗೆಯೇ ಫೋಟೊ ತೆಗೆದು ಜಾಹೀರಾತಿನಲ್ಲಿ ಹಾಕಿದೆ. ಬಂದವರೆಲ್ಲ ಕಾರಿಗಿಂತ ಮೊದಲು ಕೇಳಿದ್ದು ಆ ಪೆಟ್ಟಿಗೆಯನ್ನು. ನಿಮ್ಮ ಕಾರಿನ ಎಸ್‌ಯುಗಳು, ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಏರ್ ಫಿಲ್ಟರ್ ಡಬ್ಬಿಗಳು ಇದ್ದರೆ ಒರೆಸಿ ಹೊಳಪು ಮಾಡಬೇಡಿ. ಇದ್ದ ಹಾಗೆಯೇ ಇಡಿ.

ವೆಬರಿನ ಮೇಲಿನ ಅಕ್ಷರಗಳನ್ನೂ ಟಾರ್ಚ್ ಹಾಕಿ ಓದಿಕೊಳ್ಳಿ. ಹಳೆಯವು ಇಟಲಿಯ ಬೊಲೊನ್ಯಾದಲ್ಲಿ ತಯಾರಾದವು. ಎಷ್ಟೋ ವರ್ಷಗಳ ನಂತರ ತಯಾರಿಕೆ ಸ್ಪೇನಿಗೆ ಹೋಯಿತು. ಹಾಗಾಗಿ ಯಾವ ದೇಶದ್ದು ಎಂಬ ಮುದ್ರೆಯೇ ಒಂದು ಸಾಕ್ಷಿ. ತಿಳಿದ ಖರೀದಿದಾರ ಇನ್ನೊಂದನ್ನು ಮಾಡುತ್ತಾನೆ: ಎರಡೂ ಕೈಯಿಂದ ಕಾರ್ಬ್ಯುರೇಟರನ್ನು ಹಿಡಿದು ಮೆಲ್ಲಗೆ ಅಲುಗಾಡಿಸುತ್ತಾನೆ. ಅದು ಕೂದಲೆಳೆಯಷ್ಟು ಅಲುಗಬೇಕು. ಅದಕ್ಕೂ ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡಿಗೂ ನಡುವೆ ರಬ್ಬರ್ ಉಂಗುರಗಳೂ ನಟ್ಟಿನ ಕೆಳಗೆ ಸ್ಪ್ರಿಂಗಿನಂಥ ಜೋಡಿ ಸುರುಳಿಯ ವಾಷರುಗಳೂ ಇರುವುದು ಅದಕ್ಕೇ. ಕಡೆಯವರೆಗೆ ಬಿಗಿದುಬಿಟ್ಟರೆ ಎಂಜಿನ್ನಿನ ನಡುಕ ನೇರವಾಗಿ ತಟ್ಟಿ ಒಳಗಿನ ಪೆಟ್ರೋಲ್ ನೊರೆಯಾಗುತ್ತದೆ. ಸುರುಳಿಗಳ ನಡುವೆ ಸಣ್ಣ ಸಂದು ಉಳಿದಿದೆಯೇ ನೋಡಿ. ಇಲ್ಲದಿದ್ದರೆ ಆ ಉಂಗುರಗಳನ್ನು ಬದಲಾಯಿಸಿ ಸರಿಯಾಗಿ ಕೂರಿಸಿ. ಅಷ್ಟು ರಿಪೇರಿ ಮಾಡಿಸುವುದರಲ್ಲಿ ತಪ್ಪಿಲ್ಲ.

ಇನ್ನು ಮೈಲಿಯ ಮಾತು. 31,000 ಎಂದು ನೀವು ಬರೆದರೆ ಯಾರೂ ಸುಮ್ಮನೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಮೀಟರಿಗೆ ಮೈಲಿ ಎಣಿಸಲು ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆಯಿಂದ ಶುರು, ಅಂದರೆ ಅದು 1,31,000 ಕೂಡ ಆಗಿರಬಹುದು. ನನ್ನ ಕಾರು ಕೊಂಡ ಹಿರಿಯರು ಮೀಟರಿನತ್ತ ತಿರುಗಿಯೂ ನೋಡಲಿಲ್ಲ. ಬಾಗಿಲು ಅರ್ಧ ತೆರೆದು, ತುದಿಯಲ್ಲಿ ಹಿಡಿದು ಮೇಲಕ್ಕೆತ್ತಿ, ಕೀಲು ಸವೆದಿದೆಯೇ ಎಂದು ಪರೀಕ್ಷಿಸಿದರು. ಮಂಡಿಯೂರಿ ಕ್ಲಚ್ ಪೆಡಲಿನ ರಬ್ಬರಿನ ಮೇಲೆ ಹೆಬ್ಬೆರಳು ಆಡಿಸಿದರು. ಗೆರೆಗಳು ಇನ್ನೂ ಕೈಗೆ ತಗಲುತ್ತಿದ್ದವು. ಆಮೇಲೆ ಸೀಟಿನ ಅಂಚು, ಸ್ಟೀರಿಂಗ್ ಚಕ್ರ. ಹೊಸ ಪೆಡಲ್ ರಬ್ಬರ್ ಹಾಕಿಸಬೇಕೆಂದು ನಿಮಗೆ ಅನಿಸಿದರೆ ಆ ಯೋಚನೆ ಬಿಡಿ, ಅದು ಅನುಮಾನವನ್ನೇ ಹುಟ್ಟಿಸುತ್ತದೆ. ಹಳೆಯ ಸರ್ವಿಸ್ ಪುಸ್ತಕ, ತಪಾಸಣೆಯ ಪತ್ರ, ಟೈರಿನ ರಸೀದಿ, ಮೀಟರ್ ಓದು ಬರೆದಿರುವ ಯಾವ ಚೀಟಿಯಾದರೂ ಸರಿ, ತಾರೀಖಿನ ಪ್ರಕಾರ ಒಂದೇ ಕಡತದಲ್ಲಿ ಜೋಡಿಸಿ. ನಡುವೆ ಹತ್ತು ವರ್ಷ ಖಾಲಿಯಿದ್ದರೆ ಖಾಲಿ ಎಂದೇ ಹೇಳಿ.

ಎಂಜಿನ್ ಮೂಲದ್ದೇ ಎಂದು ತೋರಿಸುವುದೂ ಮುಖ್ಯ. ಆ ವರ್ಷದ ಎಂಜಿನ್ ಸಂಖ್ಯೆ 18ಜಿಬಿ ಎಂದು ಆರಂಭವಾಗಬೇಕು. ಆದರೆ ಅದು ರಿವೆಟ್ ಹೊಡೆದ ತಗಡಿನ ಮೇಲಿರುವುದರಿಂದ ಅದೊಂದೇ ಸಾಲದು. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತದೆ. ತಯಾರಾದ ದಿನ, ಎಂಜಿನ್ ಸಂಖ್ಯೆ, ಮೊದಲ ಬಣ್ಣ ಎಲ್ಲ ಅದರಲ್ಲಿರುತ್ತದೆ. ಜಾಹೀರಾತಿಗೆ ಮೊದಲೇ ತರಿಸಿಕೊಳ್ಳಿ.

ಕಡಿಮೆ ಓಡಿದ ಕಾರಿನ ಬಗ್ಗೆ ಖರೀದಿದಾರನಿಗಿರುವ ದೊಡ್ಡ ಭಯ ಅದು ನಿಂತೇ ಹಾಳಾಗಿದೆಯೇ ಎಂಬುದು. ಆ ಭಯ ನ್ಯಾಯವಾದದ್ದು. ನಿಂತ ಕಾರಿನಲ್ಲಿ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳಾದ ಜೆಟ್ಟುಗಳನ್ನು ಮುಚ್ಚುತ್ತದೆ, ಬ್ರೇಕ್ ಆಯಿಲ್ ತೇವ ಹೀರುತ್ತದೆ, ರಬ್ಬರ್ ಪೈಪುಗಳು ಬಿರುಕು ಬಿಡುತ್ತವೆ. ಇವುಗಳನ್ನು ಬದಲಾಯಿಸಿ ಬಿಲ್ ಇಡಿ. ಟೈರಿನ ಬದಿಯ ನಾಲ್ಕಂಕಿ ನೋಡಿ: 1203 ಎಂದಿದ್ದರೆ 2003ರ ಹನ್ನೆರಡನೆಯ ವಾರದ್ದು. ಗೆರೆ ಪೂರ್ತಿ ಉಳಿದಿದ್ದರೂ ಅಂಥ ಟೈರಿನ ಮೇಲೆ ಯಾರನ್ನೂ ಕೂರಿಸಿಕೊಂಡು ಓಡಿಸಬೇಡಿ. ಬಾಗಿಲ ಕೆಳಗಿನ ಸಿಲ್‌ಗಳಲ್ಲಿ ತುಕ್ಕಿದ್ದರೆ ಹತ್ತಿರದಿಂದ ಫೋಟೊ ತೆಗೆದು ಹಾಕಿ. ಈ ಕಾರಿನಲ್ಲಿ ಇಡೀ ಮೈಯ ಭಾರ ಹೊರುವುದರಲ್ಲಿ ಅವಕ್ಕೂ ಪಾಲಿದೆ, ಮುಚ್ಚಿಟ್ಟರೆ ಅದು ಮೋಸ.

ನೋಡಲು ಬರುವ ದಿನ ಮೊದಲೇ ಎಂಜಿನ್ ಬಿಸಿ ಮಾಡಿ ಇಡಬೇಡಿ. ಅವರು ಬಾನೆಟ್ ಮುಟ್ಟಿ ನೋಡುತ್ತಾರೆ. ತಣ್ಣಗಿರುವಾಗಲೇ, ಆಕ್ಸಿಲರೇಟರನ್ನು ಎರಡು ಮೂರು ಸಲ ಒತ್ತಿ, ಅವರ ಎದುರಿಗೇ ಚಾಲೂ ಮಾಡಿ. ವೆಬರ್ ಮೊದಲು ಕೆಮ್ಮುತ್ತದೆ, ಒಂದು ನಿಮಿಷ ಗೊಣಗುತ್ತದೆ, ಆಮೇಲೆ ಉಸಿರು ಹಿಡಿಯುತ್ತದೆ. ಆ ಸದ್ದು ಕೇಳಿ ಮುಖ ಅರಳಿದವರಿಗೇ ಕಾರು ಕೊಡಬೇಕೆಂದು ನನಗನಿಸುತ್ತದೆ, ಬೆಲೆ ಸ್ವಲ್ಪ ಕಡಿಮೆಯಾದರೂ ಸರಿ. ಬೆಲೆಗೆ ಬೇರೆಯವರು ಕೇಳುತ್ತಿರುವ ಮೊತ್ತ ನೋಡಬೇಡಿ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತ ನೋಡಿ.

ಹಣ ಪೂರ್ತಿ ಬಂದ ಮೇಲೆ ಕೀಲಿ ಕೊಡುವಾಗ ಒಂದು ಮಾತು ಹೇಳಲು ಮರೆಯಬೇಡಿ: ಆ ವರ್ಷದ ಕಾರಿನಲ್ಲಿ ಸೀಟುಗಳ ಹಿಂದೆ ಆರು ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ, ಮತ್ತು ಕಾರಿನ ಲೋಹದ ಮೈಗೆ ಸೇರಿರುವುದು ಪಾಸಿಟಿವ್ ತಂತಿ. ಯಾರಾದರೂ ಮಧ್ಯೆ ಬದಲಾಯಿಸಿದ್ದಾರೆಯೇ ನೀವೇ ನೋಡಿ, ಇರುವುದನ್ನು ಚೀಟಿಯಲ್ಲಿ ಬರೆದು ಬ್ಯಾಟರಿಯ ಮುಚ್ಚಳಕ್ಕೆ ಅಂಟಿಸಿ. ಬಿಡಿಭಾಗದ ಪೆಟ್ಟಿಗೆಯನ್ನು ಆಮೇಲೆ ಕಳುಹಿಸುತ್ತೇನೆ ಎನ್ನಬೇಡಿ. ಅಂದೇ, ಆ ಕಾರಿನ ಡಿಕ್ಕಿಯಲ್ಲೇ ಹೋಗಲಿ.