ಕ್ಯೂ ಕಡತವಿಲ್ಲದೆ ಆಟದ ಹಾಡು ಏಕೆ ಕೇಳಿಸುವುದಿಲ್ಲ?

ಪ್ರಶ್ನೆ: ನನ್ನ ಹಳೆಯ ಪ್ಲೇಸ್ಟೇಷನ್ ಕೆಟ್ಟುಹೋಗಿರುವುದರಿಂದ ಅದರ ಡಿಸ್ಕ್‌ಗಳನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡು ಎಮ್ಯುಲೇಟರಿನಲ್ಲಿ (ಕಂಪ್ಯೂಟರನ್ನು ಪ್ಲೇಸ್ಟೇಷನ್ನಿನಂತೆ ವರ್ತಿಸುವಂತೆ ಮಾಡುವ ತಂತ್ರಾಂಶದಲ್ಲಿ) ಆಡುತ್ತಿದ್ದೇನೆ. ದೊಡ್ಡದೊಂದು ಬಿನ್ ಕಡತದ ಜೊತೆಗೆ ಬಂದಿದ್ದ ಚಿಕ್ಕ ಕ್ಯೂ ಕಡತವನ್ನು ಬೇಡವೆಂದು ಅಳಿಸಿಬಿಟ್ಟೆ. ಈಗ ಕಾರ್ ರೇಸಿನ ಆಟದಲ್ಲಿ ಎಂಜಿನ್ನಿನ ಸದ್ದು ಬರುತ್ತದೆ, ಹಾಡು ಬರುವುದಿಲ್ಲ. ಕ್ಯೂ ಕಡತವನ್ನು ನಾನೇ ಬರೆದುಕೊಳ್ಳಬಹುದೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಬರೆದುಕೊಳ್ಳಬಹುದು, ಆದರೆ ಡಿಸ್ಕ್ ನಿಮ್ಮ ಕೈಯಲ್ಲೇ ಇರುವುದರಿಂದ ಮತ್ತೊಮ್ಮೆ ನಕಲು ಮಾಡಿಕೊಳ್ಳುವುದೇ ಲೇಸು. ಇಂತಹ ಆಟಗಳಲ್ಲಿ ಮೊದಲನೆಯ ಟ್ರ್ಯಾಕ್ ಆಟದ ದತ್ತಾಂಶಕ್ಕೆ ಮೀಸಲಾಗಿದ್ದು, ಹಾಡುಗಳು ಮುಂದಿನ ಟ್ರ್ಯಾಕ್‌ಗಳಲ್ಲಿ ಮಾಮೂಲಿ ಆಡಿಯೋ ಸಿಡಿಯಲ್ಲಿರುವಂತೆಯೇ ಇರುತ್ತವೆ. ಯಾವ ಟ್ರ್ಯಾಕ್ ಎಲ್ಲಿಂದ ಶುರುವಾಗುತ್ತದೆ ಎಂಬ ಪಟ್ಟಿಯನ್ನು ಡಿಸ್ಕಿನ ಒಳಅಂಚಿನಲ್ಲಿ ಪ್ರತ್ಯೇಕವಾಗಿ ಬರೆದಿರುತ್ತಾರೆ. ಅದು ಬಿನ್ ಕಡತದೊಳಗೆ ಬರುವುದೇ ಇಲ್ಲ. ಆ ಪಟ್ಟಿಯ ಕೆಲಸವನ್ನು ಮಾಡುವುದು ಕ್ಯೂ ಕಡತ. ಅದಿಲ್ಲದೆ ಬಿನ್ ಒಂದನ್ನೇ ತೆರೆದರೆ ಎಮ್ಯುಲೇಟರ್ ಇಡೀ ಡಿಸ್ಕನ್ನು ಒಂದೇ ದತ್ತಾಂಶದ ಟ್ರ್ಯಾಕ್ ಎಂದು ಭಾವಿಸುತ್ತದೆ. ಆಟವು ಎರಡನೆಯ ಟ್ರ್ಯಾಕನ್ನು ನುಡಿಸು ಎಂದಾಗ ಅದಕ್ಕೆ ಏನೂ ಸಿಗುವುದಿಲ್ಲ. ಎಂಜಿನ್ನಿನ ಸದ್ದು ಆಟದ ದತ್ತಾಂಶದಲ್ಲೇ ಸೇರಿರುವುದರಿಂದ ಉಳಿದುಕೊಂಡಿದೆ.

ಕ್ಯೂ ಕಡತದಲ್ಲಿ ಕಾಲವನ್ನು ನಿಮಿಷ, ಸೆಕೆಂಡ್, ಫ್ರೇಮ್ ಎಂದು ಬರೆಯುತ್ತಾರೆ. ಒಂದು ಸೆಕೆಂಡಿಗೆ 75 ಫ್ರೇಮ್, ಒಂದೊಂದು ಫ್ರೇಮಿಗೂ 2352 ಬೈಟ್. ಒಂದೇ ಬಿನ್ ಇರುವಾಗ ಪ್ರತಿ ಹಾಡಿನ ಆರಂಭವನ್ನೂ ಈ ಲೆಕ್ಕದಲ್ಲಿ ಕೊಡಬೇಕಾಗುತ್ತದೆ, ಅದನ್ನು ಊಹೆಯಿಂದ ತುಂಬಿದರೆ ಹಾಡು ನಡುವಿನಿಂದ ಶುರುವಾಗುತ್ತದೆ. ಪ್ರತಿ ಟ್ರ್ಯಾಕಿಗೂ ಬೇರೆ ಬಿನ್ ಬರುವಂತೆ ನಕಲು ಮಾಡಿದ್ದಿದ್ದರೆ ಕ್ಯೂ ಕಡತವನ್ನು ನೀವೇ ಬರೆಯುವುದೂ ಸುಲಭವಾಗುತ್ತಿತ್ತು: ಕಡತದ ಹೆಸರು, ಟ್ರ್ಯಾಕಿನ ಸಂಖ್ಯೆ, ಅದು ದತ್ತಾಂಶವೋ ಆಡಿಯೋವೋ ಎಂಬುದು, ಕೊನೆಗೆ ಇಂಡೆಕ್ಸ್, ಅಂದರೆ ಟ್ರ್ಯಾಕಿನೊಳಗೆ ಮೌನ ಎಲ್ಲಿಂದ (00), ಹಾಡು ಎಲ್ಲಿಂದ (01) ಶುರು ಎಂಬ ಗುರುತು. ಹಾಡಿನ ಕಡತದ ಮೊದಲಿಗೆ ಎರಡು ಸೆಕೆಂಡುಗಳ ಮೌನ ಸೇರಿದ್ದರೆ ಇಂಡೆಕ್ಸ್ 00 ಅನ್ನು 00:00:00ಕ್ಕೂ, ಇಂಡೆಕ್ಸ್ 01 ಅನ್ನು 00:02:00ಕ್ಕೂ ಇಡಬೇಕು.

ಹೊಸದಾಗಿ ನಕಲು ಮಾಡಿದ ಮೇಲೆ ಎಮ್ಯುಲೇಟರಿನಲ್ಲಿ ಬಿನ್ ಅನ್ನಲ್ಲ, ಕ್ಯೂ ಅನ್ನೇ ತೆರೆಯಿರಿ. ಬಿನ್ ಕಡತದ ಹೆಸರು ಬದಲಿಸಿದರೆ ಕ್ಯೂ ಒಳಗಿನ ಹೆಸರನ್ನೂ ನೋಟ್‌ಪ್ಯಾಡಿನಲ್ಲಿ ತಿದ್ದಬೇಕು; ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಎರಡು ಕಡತಗಳನ್ನು ಕಾಯುವುದು ತೊಡಕೆನಿಸಿದರೆ ಮೇಮ್ ಎಂಬ ಮತ್ತೊಂದು ಎಮ್ಯುಲೇಟರಿನ ಜೊತೆಗೆ ಉಚಿತವಾಗಿ ಸಿಗುವ ಸಿಎಚ್‌ಡಿಮ್ಯಾನ್ ತಂತ್ರಾಂಶಕ್ಕೆ ಆ ಕ್ಯೂ ಕಡತವನ್ನು ಕೊಟ್ಟು ಸಿಎಚ್‌ಡಿ ಎಂಬ ಒಂದೇ ಕಡತದ ರೂಪಕ್ಕೆ ಪರಿವರ್ತಿಸಿಕೊಳ್ಳಬಹುದು. ಟ್ರ್ಯಾಕ್‌ಗಳ ವಿವರವೆಲ್ಲ ಅದರೊಳಗೇ ಸೇರಿಕೊಳ್ಳುತ್ತದೆ, ಗಾತ್ರವೂ ಸಾಮಾನ್ಯವಾಗಿ ತಗ್ಗುತ್ತದೆ. ಹಾಡು ಸರಿಯಾಗಿ ಕೇಳುತ್ತಿದೆಯೇ ಎಂದು ಆಡಿ ನೋಡಿಕೊಂಡ ನಂತರವೇ ಪರಿವರ್ತನೆಗೆ ಕೈಹಾಕಿ.